ಕಾಲವೂ ಕಾರಣವೂ

ಒಳಿತಾದರೆ ಕಾಲ ಕೂಡಿಬಂದಿತೆನ್ನುತ್ತೇವೆ. ಕೆಡುಕಾದರೆ ಕಾಲ ಕೆಟ್ಟಿತೆನ್ನುತ್ತೇವೆ. ಹಾಗಾದರೆ ಕಾಲವೇ ಕಾರ್ಯವನ್ನುಂಟುಮಾಡುವ ಕಾರಣವೋ, ಅಥವಾ ಕಾರಣಗಳು ಕೆಲಸ ನಡೆಸುವುದಕ್ಕೆ ಬೇಕಾದ ಅವಕಾಶಮಾತ್ರವೋ?

ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದೆಣಿಸಿ, ಹುಟ್ಟುವ ವಸ್ತುಗಳಿಗೆಲ್ಲ ಅದು ಸಾಧಾರಣ ಕಾರಣವೆಂದರು. ಎಲ್ಲಕ್ಕೂ ಸಮಾನವಾದುದು ಯಾವುದೊಂದಕ್ಕೂ ವಿಶೇಷ ಕಾರಣವಾಗಲಾರದು. ಬೋಡಿನಾಯಕನೂರಿನ ಮೇಲಣ ಬೆಟ್ಟಗಳಲ್ಲಿ ನೆಟ್ಟ ಏಲಕ್ಕಿ ಗಿಡವು ಸಾಮಾನ್ಯವಾಗಿ ಮೂರನೆಯ ವರುಷದಲ್ಲಿ ಫಲಕ್ಕೆ ಬರುತ್ತದೆ. ನೆರಳು, ತೇವ, ಆರೈಕೆಗಳಿಲ್ಲದೆ ಬರಿಯ ವರುಷಗಳು ಕಳೆದರೆ ಗಿಡ ಒಣಗುವುದೇ ಹೊರತು ಕಾಯಿ ಕಟ್ಟುವುದಿಲ್ಲ. ಕಳೆದ ಕಾಲ ಎರಡಕ್ಕೂ ಒಂದೇ, ಭೇದವನ್ನುಂಟುಮಾಡಿದುದು ಬೇರೆ.

ಮುಂಚೆ ಇದ್ದುದೆಲ್ಲವೂ ಕಾರಣವೂ ಅಲ್ಲ. ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದರೆ ಅದನ್ನು ಕಾಕತಾಳೀಯವೆಂದು ಹಿರಿಯರು ಬದಿಗಿಟ್ಟರು. ಕಾರಣವು ನಿಯತವಾಗಿ ಕಾರ್ಯಕ್ಕೆ ಮುಂಚೆ ಇರಬೇಕೆಂಬುದು ನೈಯಾಯಿಕರ ಮತ.

ಆದರೆ ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಇನ್ನೂ ಕಠಿಣ. ಹೊಳೆ ತುಂಬಿದ್ದರೆ ಮೇಲೆ ಮಳೆಯಾಯಿತೆಂದು ತಿಳಿಯುವುದು ಶೇಷವತ್ ಅನುಮಾನ. ಎಲ್ಲಿಯೋ ಪ್ರವಾಹವನ್ನು ತಡೆದುದರಿಂದಲೂ ನೀರು ಏರಬಹುದಲ್ಲವೇ ಎಂಬ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತುತ್ತದೆ. ಬರಿಯ ಏರಿಕೆ ಸಾಲದು, ಸೆಳೆತ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳನ್ನೂ ನೋಡಬೇಕೆಂಬುದು ವಾತ್ಸ್ಯಾಯನನ ಸಮಾಧಾನ.

ಬಹುಕಾಲದಿಂದ ಕನ್ನಡ ಮನೆಮಾತಿನ ಒಕ್ಕಲುಗಳು ನೆಲಸಿರುವ ಕಂಬಂ ಕಣಿವೆಯಲ್ಲಿ ಈ ವಿಚಾರ ಕಣ್ಣೆದುರಿಗೇ ಇದೆ. 1887ರಲ್ಲಿ ಆರಂಭವಾಗಿ 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟು, ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟ ಕೊರೆದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿತು. ಕಣಿವೆಯಲ್ಲಿ ಹನಿ ಮಳೆಯಿಲ್ಲದ ದಿನವೂ ತೇಕ್ಕಡಿಯ ತೂಬು ತೆರೆದರೆ ಇಲ್ಲಿ ಹೊಳೆ ತುಂಬುತ್ತದೆ. ಆ ಮಳೆ ಬಿದ್ದುದು ಬೆಟ್ಟದಾಚೆ, ಎಂದೋ. ಅದಕ್ಕೆ ದಾರಿ ಮಾಡಿದವರು ಈಗಿಲ್ಲ, ರೋಗಕ್ಕೆ ತುತ್ತಾಗಿ ಆ ಕೆಲಸದಲ್ಲಿಯೇ ಮಡಿದವರೂ ಅನೇಕರು. ಕಾರಣ ಕಳೆದರೂ ಫಲ ತಲಪುವುದು ನಡುವಣ ಕಾಲುವೆ ಮುರಿಯದಿರುವುದರಿಂದ.

ಹೊಳೆಯ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಕಷ್ಟದಲ್ಲಿರುವವನನ್ನು ಕಂಡು “ಇದು ಅವನ ಪೂರ್ವಕರ್ಮ” ಎಂದು ತೀರ್ಪು ಕೊಡುವವನಿಗೆ ಎಷ್ಟು ಎಚ್ಚರ ಬೇಡ? ಕರ್ಮಕ್ಕೆ ಫಲವುಂಟೆಂದು ಒಪ್ಪುವುದು ಬೇರೆ; ಈ ಫಲ ಈ ಕರ್ಮದ್ದೇ ಎಂದು ಬಲ್ಲೆನೆನ್ನುವುದು ಬೇರೆ. ಅವನ ಹಸಿವಿಗೆ ಮೇಲಿನವನು ಕಾಲುವೆ ಕಟ್ಟಿದುದೂ ಕಾರಣವಾಗಿರಬಹುದು, ನಮ್ಮ ಉಪೇಕ್ಷೆಯೂ ಆಗಿರಬಹುದು.

ಸಂದುಹೋದ ಕಾಲದಲ್ಲಿ ಪ್ರವೇಶಿಸಿ ಏನನ್ನೂ ತಿದ್ದಲು ನಮಗೆ ಅಧಿಕಾರವಿಲ್ಲ. ಆದರೆ ನಾಳಿನ ಫಲಕ್ಕೆ ಕಾರಣವಾಗುವ ಅಧಿಕಾರ ಇಂದಿಗೆ ಉಂಟು. ಆದುದರಿಂದ ಕರ್ಮದ ವಿಚಾರವನ್ನು ಪರರ ದುಃಖಕ್ಕೆ ಅನ್ವಯಿಸದೆ ತನ್ನ ಕರ್ತವ್ಯಕ್ಕೆ ಅನ್ವಯಿಸುವವನೇ ಅದನ್ನು ಸರಿಯಾಗಿ ತಿಳಿದವನು.