ಕಲಿಯಲು ಬಂದವಳು

ಮಾರ್ಚ್ ತಿಂಗಳು ಬಂತೆಂದರೆ ನನ್ನ ಆಫೀಸಿನ ಇಮೇಲಿಗೆ ಕಾಲೇಜುಗಳ ಪತ್ರಗಳು ಬರತೊಡಗುತ್ತವೆ. ಬರೆಯುವವರು ಬೇರೆ ಬೇರೆ, ಒಕ್ಕಣೆ ಮಾತ್ರ ಒಂದೇ. ನಮ್ಮ ಸ್ನಾತಕೋತ್ತರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ನಿಮ್ಮ ಸೈಟಿನಲ್ಲಿ ಎಂಟು ವಾರ ಇಂಟರ್ನ್‌ಶಿಪ್ ಮಾಡುವ ಅವಕಾಶ ಕೊಡಿ. ಸ್ಟೈಪೆಂಡ್ ಕೊಡುವುದು ಬಿಡುವುದು ನಿಮ್ಮ ಇಚ್ಛೆ. ಈ ಕೊನೆಯ ಮಾತನ್ನು ನಾನು ಬಹಳ ವರ್ಷ ಓದಿಯೂ ಓದದವನ ಹಾಗೆ ಇದ್ದೆ. ಕೊಡದಿದ್ದರೂ ನಡೆಯುತ್ತದೆ ಎಂದು ಅವರೇ ಹೇಳಿದ ಮೇಲೆ ಕೊಡುವವರು ಯಾರು?

ಪುಣೆಯಲ್ಲಿ ಈ ವಿದ್ಯೆಗೆ ಬರವಿಲ್ಲ. ಬಾಲೇವಾಡಿಯ ನಿಕ್ಮಾರ್‌ನಂಥ ಹೆಸರಾದ ಸಂಸ್ಥೆಯಿಂದ ಹಿಡಿದು ಊರ ಸುತ್ತಲಿನ ಸಣ್ಣಪುಟ್ಟ ಕಾಲೇಜುಗಳ ತನಕ ಕಲಿಸುವವರಿದ್ದಾರೆ. ಕಲಿಯಲು ಸೈಟುಗಳಿಗೂ ಬರವಿಲ್ಲ. ನಾನಿರುವ ದೇಹೂ ರೋಡ್ ಹಿಂದೊಮ್ಮೆ ಕಂಟೋನ್ಮೆಂಟು, ಮಿಲಿಟರಿ ಡಿಪೋ, ಲೋಣಾವಳಾ ಲೋಕಲ್ ನಿಲ್ಲುವ ಒಂದು ಸ್ಟೇಶನ್ನು, ಅಷ್ಟೇ ಆಗಿತ್ತು. 1954ರ ಡಿಸೆಂಬರ್ 25ರಂದು ಅಂಬೇಡ್ಕರ್ ಇಲ್ಲಿ ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದರು. ಆ ದಿನ ಬಂತೆಂದರೆ ಈಗಲೂ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುಂಬೈ ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿ ತೆರೆದು ಪಕ್ಕದ ಕಿವಳೆಗೆ ಬಂದು ಮುಟ್ಟಿತು. ಕಾತ್ರಜ್ ಬೈಪಾಸು ಇಲ್ಲಿಂದಲೇ ಹೊರಡುತ್ತದೆ. ಆಮೇಲೆ ಕಿವಳೆ, ರಾವೇತ್, ಗಹುಂಜೆಯ ಹೊಲಗಳಲ್ಲಿ ಕ್ರೇನುಗಳು ಎದ್ದವು. ಆ ಕ್ರೇನುಗಳ ಕೆಳಗೆ ಕೆಲಸ ಮಾಡುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿ ಎಷ್ಟಿದ್ದಾರೆಂದರೆ, ಮುಂಜಾನೆ ಕೂಲಿಯವರು ನಿಲ್ಲುವ ನಾಕಾದಲ್ಲಿ ಕಣ್ಣು ಮುಚ್ಚಿ ನಿಂತರೆ ಮಹಾರಾಷ್ಟ್ರದಲ್ಲಿದ್ದೇನೆ ಎನಿಸುವುದಿಲ್ಲ.

ಹೀಗಾಗಿ ಒಂದು ಬೇಸಿಗೆಯಲ್ಲಿ ಬಂದ ಅರ್ಜಿಗಳ ನಡುವೆ ಧಾರವಾಡ ಕಡೆಯ ಹುಡುಗಿಯೊಬ್ಬಳ ಹೆಸರು ಕಂಡಾಗ ಖುಷಿಯಿಂದ ಆರಿಸಿಕೊಂಡೆ. ಗ್ಯಾಂಗಿನವರೊಂದಿಗೆ ಮಾತಾಡಲು ಒಬ್ಬರು ಸಿಕ್ಕಂತಾಯಿತು ಎಂಬುದು ನನ್ನ ಲೆಕ್ಕ. ಅವಳ ತಂದೆ ಪ್ರಾಥಮಿಕ ಶಾಲೆಯ ಮಾಸ್ತರು. ರಾವೇತಿನ ಪೇಯಿಂಗ್ ಗೆಸ್ಟ್ ಕೋಣೆಗೆ ತಿಂಗಳಿಗೆ 7,000 ಅವರೇ ಕಳಿಸುತ್ತಿದ್ದರು. ನಾನು ಆಗಿದ್ದ ಕಂಪನಿ ಅವಳಿಗೆ ಕೊಟ್ಟದ್ದು ಒಂದು ಹೆಲ್ಮೆಟ್, ಒಂದು ಜಾಕೆಟ್, ಮಧ್ಯಾಹ್ನದ ಊಟದ ಕೂಪನ್. ಕೊನೆಗೊಂದು ಸರ್ಟಿಫಿಕೇಟ್.

ಇದರಲ್ಲಿ ತಪ್ಪೇನು ಎಂದು ಆಗ ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ತಯಾರಿತ್ತು. ಕಲಿಸುತ್ತಿರುವವರು ನಾವು, ನಿಜ ಹೇಳಬೇಕೆಂದರೆ ಅವರೇ ನಮಗೆ ಫೀಸು ಕೊಡಬೇಕು. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮೊದಲ ಎರಡು ವಾರ ಇಂಟರ್ನ್ ಎಂದರೆ ಖರ್ಚೇ. ಡ್ರಾಯಿಂಗ್ ಓದಿಸಬೇಕು, ಸ್ಲ್ಯಾಬಿನ ಅಂಚಿಗೆ ಹೋಗದಂತೆ ನೋಡಿಕೊಳ್ಳಬೇಕು, ತಪ್ಪಾಗಿ ತುಂಬಿದ ಶೀಟನ್ನು ರಾತ್ರಿ ಕೂತು ಸರಿಮಾಡಬೇಕು. ನನ್ನ ಆ ಗಂಟೆಗಳಿಗೂ ಬೆಲೆಯಿದೆ. ಮೂರನೆಯ ವಾರದಿಂದ ಏನಾಯಿತು ಎಂಬುದನ್ನು ಮಾತ್ರ ನಾನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಮೂರನೆಯ ವಾರ ಅವಳಿಗೆ ಬರಲಿರುವ ನಾಲ್ಕು ತಿಂಗಳ ಕೆಲಸದ ವೇಳಾಪಟ್ಟಿಯನ್ನು ನೋಡಲು ಕೊಟ್ಟೆ. ಪ್ರೈಮವೇರಾದಲ್ಲಿ ನಾನೇ ಮಾಡಿದ್ದು. ಒಂದು ಮಹಡಿಗೆ ಹತ್ತು ದಿನ, ತಿಂಗಳಿಗೆ ಮೂರು ಸ್ಲ್ಯಾಬು. ಎರಡು ದಿನ ಬಿಟ್ಟು ಬಂದು, "ಸರ್, ಶ್ರಾವಣದಾಗ ಇದು ಆಗಂಗಿಲ್ರಿ" ಅಂದಳು. ಯಾಕೆಂದು ಕೇಳಿದೆ. "ಪಂಚಮಿಗೆ ಅರ್ಧಾ ಗ್ಯಾಂಗ್ ಊರಿಗೆ ಹೊಕ್ಕೈತ್ರಿ. ಮೇಸ್ತ್ರಿ ಹೇಳಿದ್ರು, ಹೋದವರು ಹತ್ತು ದಿನಾ ಬರಂಗಿಲ್ಲಂತ." ನಾನೂ ಉತ್ತರ ಕರ್ನಾಟಕದವನೇ. ಪಂಚಮಿಯ ಜೋಕಾಲಿ ಆಡಿ ಬೆಳೆದವನು. ಸಾಫ್ಟ್‌ವೇರಿನಲ್ಲಿ ರಜೆ ತುಂಬುವಾಗ ಆಗಸ್ಟ್ 15, ಗಣೇಶ ಚೌತಿ ಹಾಕಿದವನಿಗೆ ಪಂಚಮಿ ನೆನಪಾಗಿರಲಿಲ್ಲ. ಅವಳು ತಿದ್ದಿದ ಪಟ್ಟಿಯನ್ನು ಆ ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಇಟ್ಟೆ. ಮೇಲಿನವರು ಮೆಚ್ಚಿದರು. 'ನಮ್ಮ ಪ್ಲ್ಯಾನಿಂಗ್ ಟೀಮು' ಎಂದೆ. ಟೀಮಿನಲ್ಲಿ ಪಗಾರ ಪಡೆಯುವವನು ನಾನೊಬ್ಬನೇ ಇದ್ದೆ.

ಒಂದು ವೇಳೆ ಅವಳು ಎರಡು ದಿನ ಬರದೇ ಹೋದರೆ ಸೈಟಿನಲ್ಲಿ ಏನಾದರೂ ನಿಲ್ಲುತ್ತದೆಯೇ? ನಮ್ಮ ಶಾಸ್ತ್ರದಲ್ಲಿ ಕ್ರಿಟಿಕಲ್ ಪಾತ್ ಎಂದು ಕರೆಯುವುದು ಇದನ್ನೇ: ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡವಾಗುತ್ತದೋ ಅದು. ಏನೂ ನಿಲ್ಲುವುದಿಲ್ಲ ಎನ್ನುವುದಾದರೆ ಅವಳು ಮಾಡುತ್ತಿರುವುದು ಕೆಲಸವಲ್ಲ. ಆದರೆ ಆಗ ಅದು ಕಲಿಕೆಯೂ ಅಲ್ಲ, ಕಾಲಹರಣ. ಫೋಟೋಕಾಪಿ ಮಾಡಿಸುವುದು, ಹಳೆಯ ಫೈಲಿಗೆ ನಂಬರ್ ಹಾಕುವುದು. ಏನಾದರೂ ನಿಲ್ಲುತ್ತದೆ ಎನ್ನುವುದಾದರೆ ಅದು ಕೆಲಸ, ಮತ್ತು ಕಲಿಕೆ ನಡೆಯುವುದು ಅಲ್ಲಿ ಮಾತ್ರ. ಅಂದರೆ ನಾವು ನಿಜವಾಗಿ ಕಲಿಸಿದಷ್ಟೂ ಅವರ ಕೂಲಿಯ ಹಕ್ಕು ಹೆಚ್ಚುತ್ತದೆ. 'ಕಲಿಸುತ್ತಿದ್ದೇವೆ, ಅದಕ್ಕೇ ಕೂಲಿಯಿಲ್ಲ' ಎನ್ನುವ ಮಾತು ಕೂತ ಟೊಂಗೆಯನ್ನೇ ಕಡಿಯುತ್ತದೆ. ನಾನೂ ಮೂವತ್ತನೆಯ ವಯಸ್ಸಿಗೆ ಬಿಲ್ಲಿಂಗ್ ಕಲಿತದ್ದು ಸೈಟಿನಲ್ಲೇ. ಆ ತಿಂಗಳ ಪಗಾರವನ್ನು ಯಾರೂ ಮುರಿದುಕೊಳ್ಳಲಿಲ್ಲ.

ಕಾಯ್ದೆಗೂ ಈ ಗೊಂದಲ ಇದ್ದೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಎಂದು ಹೇಳುತ್ತದೆ. ಹೇಳಿಯೂ ಅವನಿಗೆ ಸ್ಟೈಪೆಂಡ್ ಕಡ್ಡಾಯ ಮಾಡುತ್ತದೆ. 2019ರಲ್ಲಿ ನಿಯಮ ತಿದ್ದಿದಾಗ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಎಂದಾಯಿತು. ಆದರೆ ಕಾಲೇಜು ಎಂಟು ವಾರಕ್ಕೆ ಕಳಿಸುವ ಇಂಟರ್ನ್, ಅಪ್ರೆಂಟಿಸ್ ಕರಾರು ಇಲ್ಲದಿದ್ದರೆ, ಈ ಬೇಲಿಯ ಹೊರಗೆ. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭದಲ್ಲಿ ತಿಂಗಳಿಗೆ 5,000 ಗೊತ್ತುಮಾಡಿತು, ಆದರೆ ಎಂಬಿಎ ಅಥವಾ ಬೇರೆ ಸ್ನಾತಕೋತ್ತರ ಪದವಿ ಇದ್ದವರನ್ನು ಹೊರಗಿಟ್ಟಿತು. ಎಂಎ, ಎಂಟೆಕ್, ಎಂಬಿಎ ಎಂದರೆ ಮನೆಯಲ್ಲಿ ಅನುಕೂಲ ಇದ್ದೇ ಇರುತ್ತದೆ ಎಂಬ ಊಹೆ ಎಲ್ಲೋ ಕೆಲಸ ಮಾಡಿರಬೇಕು. ಊರಿನ ಮಾಸ್ತರರ ಮಗಳು ಆ ಊಹೆಯಲ್ಲಿ ಇರುವುದಿಲ್ಲ. ಪುಕ್ಕಟೆ ಎಂಟು ವಾರ ದುಡಿಯಬಲ್ಲವರು ಯಾರು? ಎಂಟು ವಾರ ಸಾಕಲು ಅಪ್ಪನಿದ್ದವರು. ಹೀಗೆ ಜರಡಿ ಹಿಡಿದು, ಉಳಿದವರನ್ನೇ ಪ್ರತಿಭೆ ಎಂದು ಕರೆಯುತ್ತೇವೆ.

ದುಡ್ಡಿನ ಮಾತು ಇಲ್ಲಿಗೆ ಸಾಕು. ನನ್ನನ್ನು ಹೆಚ್ಚು ಕಾಡಿದ್ದು ಬೇರೆ.

ಆರನೆಯ ವಾರದಲ್ಲಿ ಅವಳಿಗೆ ದಿನದ ಹಾಜರಿ ಎಣಿಸುವ ಕೆಲಸ ಹಚ್ಚಿದೆ. ಬೆಳಿಗ್ಗೆ ಒಂಬತ್ತಕ್ಕೆ ಸೈಟು ಸುತ್ತಿ ಎಷ್ಟು ತಲೆ ಎಂದು ಬರೆದು ಡೈಲಿ ರಿಪೋರ್ಟಿಗೆ ಹಾಕಬೇಕು. ಆ ಸಂಖ್ಯೆಯ ಮೇಲೆ ಲೇಬರ್ ಠೇಕೇದಾರನ ಬಿಲ್ಲು, ಆ ಬಿಲ್ಲಿನ ಮೇಲೆ ಗ್ಯಾಂಗಿನ ಪಗಾರ. ಒಂದು ದಿನ ಸಂಜೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. "ಸರ್, ನಿನ್ನೆ ನಾ 31 ಅಂತ ಬರದಿದ್ದೆ. ಒಂಬತ್ತು ಮಂದಿಗೆ ಅರ್ಧಾ ದಿನ ಹೊಡದಾರ್ರೀ. ಅವ್ರು ಮೊನ್ನೆ ರಾತ್ರಿ ಹತ್ತರಿಂದ ಮುಂಜಾನಿ ನಾಕೂವರಿ ತನಕಾ ಕಾಂಕ್ರೀಟ್ ಹಾಕ್ಯಾರ. ನಾ ಎಣಿಸೋ ಹೊತ್ನ್ಯಾಗ ಮಲಗಿದ್ರು. ನನಗ ಗೊತ್ತಿರಲಿಲ್ರಿ."

ರಾತ್ರಿಯ ಹಾಜರಿ ಬೇರೆ ರಿಜಿಸ್ಟರಿನಲ್ಲಿ ಬರಬೇಕಿತ್ತು. ಬರೆಯಬೇಕಾದವರು ಬರೆದಿರಲಿಲ್ಲ. ಸರಿಪಡಿಸುವುದು ಕಷ್ಟವೇನಲ್ಲ, ಒಂದು ಫೋನು, ಒಂದು ತಿದ್ದುಪಡಿ, ಒಂದು ಜಗಳ. ತಿಂಗಳ ಕೊನೆ, ಬಿಲ್ಲು ಹೋಗಿಯಾಗಿತ್ತು. ನಾನು ಅಂದೆ: "ನೋಡವಾ, ನೀ ಕಲೀಲಿಕ್ಕೆ ಬಂದಾಕಿ. ಇದರಾಗ ತಲಿ ಹಾಕಬ್ಯಾಡ."

ಅವಳು "ಆಯ್ತ್ರಿ ಸರ್" ಎಂದು ಹೋದಳು.

ಆ ವಾಕ್ಯ ಏನು ಮಾಡಿತು ಎಂಬುದನ್ನು ಎಷ್ಟೋ ದಿನದ ಮೇಲೆ ಯೋಚಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಅವಳ ಎಣಿಕೆ ಕಂಪನಿಯ ದಾಖಲೆಯಾಗಿತ್ತು. ಒಂಬತ್ತು ಮಂದಿಯ ಅರ್ಧ ದಿನದ ಕೂಲಿ ಕತ್ತರಿಸುವಷ್ಟು ತೂಕ ಅದಕ್ಕಿತ್ತು. ಸಂಜೆ ಅದೇ ಎಣಿಕೆ ತಪ್ಪು ಎಂದು ಹೇಳಲು ಬಂದಾಗ ಅವಳು ಕೇವಲ ವಿದ್ಯಾರ್ಥಿನಿ. ಅಂದರೆ 'ಕಲಿಯಲು ಬಂದವಳು' ಎಂಬ ಮಾತು ಕೂಲಿಯನ್ನಷ್ಟೇ ತಪ್ಪಿಸುವುದಿಲ್ಲ, ದನಿಯನ್ನೂ ತೆಗೆದುಬಿಡುತ್ತದೆ. ಪಗಾರದವನು ಎದ್ದು ನಿಂತು "ಈ ಲೆಕ್ಕ ನನ್ನ ಸಹಿಯದು, ತಪ್ಪಾಗಿದೆ" ಎನ್ನಬಹುದು. ಅವನ ಮಾತಿಗೆ ಒಂದು ಕುರ್ಚಿ ಇರುತ್ತದೆ. ಅವಳಿಗೆ ಕುರ್ಚಿ ಕೊಡದೆ ಸಹಿ ಮಾತ್ರ ಹಾಕಿಸಿಕೊಂಡೆವು. ಪಠ್ಯಪುಸ್ತಕದಲ್ಲಿ ಪ್ರಾಜೆಕ್ಟ್ ಮ್ಯಾನೇಜರನ ಹೊಣೆಗಾರಿಕೆಯ ಬಗ್ಗೆ ಇಡೀ ಅಧ್ಯಾಯವನ್ನೇ ಅವಳು ಓದಿಕೊಂಡು ಬಂದಿದ್ದಿರಬೇಕು. ನನ್ನಿಂದ ಆ ಸಂಜೆ ಕಲಿತದ್ದು ಹೊಣೆಯಿಂದ ಜಾರುವ ಒಂದು ಸುಲಭ ಉಪಾಯ.

ಕಲಿಸಿದವರು ಎಂದು ಯಾರನ್ನಾದರೂ ಕರೆಯುವುದಾದರೆ ಅದು ಆ ಗ್ಯಾಂಗಿನ ಮೇಸ್ತ್ರಿಯನ್ನು. ಯಾದಗಿರಿ ಕಡೆಯವರು, ಐವತ್ತು ದಾಟಿದವರು. ವೈಬ್ರೇಟರನ್ನು ಕಾಂಕ್ರೀಟಿನಲ್ಲಿ ಎಷ್ಟು ಹೊತ್ತು ಇಡಬೇಕು ಎಂದು ಅವಳು ಕೇಳಿದಾಗ ಪಕ್ಕದಲ್ಲೇ ನಿಲ್ಲಿಸಿಕೊಂಡು, "ಗುಳ್ಳಿ ಬರೂದು ನಿಂತ ಕೂಡ್ಲೇ ತಗೀಬೇಕ್ ಯವ್ವಾ. ಭಾಳೊತ್ತು ಇಟ್ರ ಜಲ್ಲಿ ತಳಕ್ಕ ಕೂಡತೈತಿ, ನೀರು ಮ್ಯಾಲ ಬರತೈತಿ" ಎಂದು ತೋರಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವರ ಸಣ್ಣ ಮಗನೂ ಅದೇ ಸೈಟಿನಲ್ಲಿ ಹೆಲ್ಪರ್. ಕರಣೆ ಹಿಡಿಯುವುದನ್ನು ಕಲಿಯುತ್ತಿದ್ದ. ಗೌಂಡಿಯಷ್ಟಲ್ಲದಿದ್ದರೂ ಅವನಿಗೆ ಹೆಲ್ಪರಿನ ಕೂಲಿ ದಿನವೂ ಸಿಗುತ್ತಿತ್ತು. ಕಲಿಯುವವನಿಗೆ ಕಡಿಮೆ ಕೊಡಬಹುದು, ಏನೂ ಕೊಡದಿರಲಾಗದು ಎಂಬುದು ಓದು ಬರದ ಆ ಗ್ಯಾಂಗಿಗೆ ತಿಳಿದಿತ್ತು. ಅವಳ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲಿ ಇಂಡಸ್ಟ್ರಿ ಗೈಡ್ ಎಂದು ಅಚ್ಚಾದದ್ದು ನನ್ನ ಹೆಸರು. ಕತ್ತರಿಸಿದ ಒಂಬತ್ತು ಅರ್ಧ ದಿನಗಳಲ್ಲಿ ಒಂದು ಮೇಸ್ತ್ರಿಯದೇ ಆಗಿತ್ತು.

ದೇಹೂ ರೋಡಿನಿಂದ ದೇಹೂ ಕೆಲವೇ ಕಿಲೋಮೀಟರು. ಊರಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗುತ್ತೇನೆ. ತುಕಾರಾಮರ ಅಭಂಗಗಳ ಹಸ್ತಪ್ರತಿಯನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಹಿಡಿಸುವುದು ಅದಕ್ಕೂ ಮೊದಲಿನದು. ಅಂಗಡಿ, ಬಡ್ಡಿ ವ್ಯವಹಾರದ ಮನೆಯವರು ಅವರು. ಬರಗಾಲದ ನಂತರ ಮನೆಯಲ್ಲಿದ್ದ ಸಾಲಪತ್ರಗಳಲ್ಲಿ ತಮ್ಮನ ಪಾಲು ತಮ್ಮನಿಗೆ ಬಿಟ್ಟು ತನ್ನ ಪಾಲಿನವನ್ನು ಹೊಳೆಗೆ ಹಾಕಿದರು ಎಂದು ಹೇಳುತ್ತಾರೆ. ತಮ್ಮನದನ್ನು ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ತನಗೆ ಬರಬೇಕಾದದ್ದನ್ನು ಮಾತ್ರ ಮುಳುಗಿಸುವ ಅಧಿಕಾರ ಮನುಷ್ಯನಿಗಿದೆ. ನಾವು ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಹೊಳೆಗೆ ಹಾಕುವುದು ನಾವು ಕೊಡಬೇಕಾದ ಪತ್ರಗಳನ್ನು, ಹಾಕಿ ಉಪಕಾರ ಮಾಡಿದವರಂತೆ ದಡದಲ್ಲಿ ನಿಲ್ಲುತ್ತೇವೆ. ಕಾಲೇಜುಗಳೂ ಪಕ್ಕದಲ್ಲೇ ನಿಂತಿರುತ್ತವೆ. ಅವು ಆ ಎಂಟು ವಾರಕ್ಕೂ ಸೇರಿಸಿಯೇ ಫೀಸು ತೆಗೆದುಕೊಂಡಿರುತ್ತವೆ.

ರಿಪೋರ್ಟಿಗೆ ಸಹಿ ಹಾಕುವ ದಿನ ಪುಟ ತಿರುವಿದರೆ ಕೊನೆಯಲ್ಲೊಂದು ಅನುಬಂಧ. ಆ ತಿಂಗಳ ಪ್ರತಿ ರಾತ್ರಿಯ ಕಾಂಕ್ರೀಟ್ ಕೆಲಸ, ಶುರುವಾದ ಹೊತ್ತು, ಮುಗಿದ ಹೊತ್ತು, ಎಷ್ಟು ಮಂದಿ. ಮರುದಿನ ಒಂಬತ್ತರ ಎಣಿಕೆ. ನಡುವಿನ ವ್ಯತ್ಯಾಸ. ಯಾರನ್ನೂ ದೂರಿರಲಿಲ್ಲ, ಬರೀ ಕೋಷ್ಟಕ. ಕಾಲೇಜಿನ ಗೈಡ್ ಪೆನ್ಸಿಲಿನಲ್ಲಿ 'ವಿಷಯಕ್ಕೆ ಸಂಬಂಧಿಸಿದ್ದಲ್ಲ' ಎಂದು ಬರೆದಿದ್ದರು. ನಾನು ಸಹಿ ಹಾಕಿದೆ. ಸರ್ಟಿಫಿಕೇಟಿನಲ್ಲಿ 'ಅತ್ಯುತ್ತಮ' ಎಂದು ಗುರುತು ಮಾಡಿದೆ. ಅಷ್ಟೊತ್ತಿಗೆ ಆ ಗ್ಯಾಂಗು ಚಾಕಣದ ಕಡೆ ಬೇರೆ ಸೈಟಿಗೆ ಹೋಗಿತ್ತು. ಒಂಬತ್ತು ಮಂದಿಯ ಅರ್ಧ ದಿನ ಎಂದರೆ ನನ್ನ ಒಂದು ವಾರದ ಪೆಟ್ರೋಲಿನ ಖರ್ಚಿಗಿಂತ ಸ್ವಲ್ಪ ಹೆಚ್ಚು. ಹುಡುಕಿಕೊಂಡು ಹೋಗಿ ಕೊಡಬಹುದಿತ್ತು. ಹೋಗಲಿಲ್ಲ.

ಈಗ ಬೇರೆ ಕಂಪನಿಯಲ್ಲಿದ್ದೇನೆ. ಕಳೆದ ವರ್ಷ ಸೈಟಿನ ಮೇಲ್ಖರ್ಚಿನ ಪಟ್ಟಿಯಲ್ಲಿ ನಾಲ್ಕು ಇಂಟರ್ನ್‌ಗಳಿಗೆ ತಿಂಗಳಿಗೆ 12,000ದಂತೆ ಒಂದು ಸಾಲು ಸೇರಿಸಿದೆ. ಎಣಿಕೆ ತಪ್ಪಿದ್ದರೆ ತಿದ್ದಿ ಸಹಿ ಹಾಕುವ ಅಧಿಕಾರವೂ ಅವರಿಗಿರಲಿ ಎಂದು ಬರೆದೆ. ಎರಡನೆಯದಕ್ಕೆ ಯಾರೂ ತಕರಾರು ಮಾಡಲಿಲ್ಲ, ಅದಕ್ಕೆ ದುಡ್ಡು ಬೇಡವಲ್ಲ. ಮೊದಲನೆಯದು ವಾಪಸು ಬಂತು. ಅದೇ ಮೊತ್ತದಲ್ಲಿ ಅರ್ಧ ಮಾತ್ರ ಸಿಗುತ್ತದೆ, ನಾಲ್ವರಿಗೆ 6,000ದಂತೆ ಹಂಚು, ಇಲ್ಲವೇ ಇಬ್ಬರನ್ನೇ ತೆಗೆದುಕೋ ಎಂದರು. ರಾವೇತಿನ ಕೋಣೆಯ ಬಾಡಿಗೆ ನೆನಪಿತ್ತು. ಇಬ್ಬರನ್ನು ತೆಗೆದುಕೊಂಡೆ.

ಬಿಟ್ಟ ಇಬ್ಬರಲ್ಲಿ ಒಬ್ಬ ಬಾಗಲಕೋಟೆ ಕಡೆಯ ಹುಡುಗ. ಹೇಗೋ ನಂಬರ್ ಹುಡುಕಿ ಫೋನ್ ಮಾಡಿದ. ಬೇರೆಲ್ಲೂ ಸಿಕ್ಕಿಲ್ಲ, ಇಂಟರ್ನ್‌ಶಿಪ್ ಇಲ್ಲದಿದ್ದರೆ ಸೆಮಿಸ್ಟರ್ ದಾಟುವಂತಿಲ್ಲ ಎಂದ. "ರೊಕ್ಕ ಬ್ಯಾಡ್ರಿ ಸರ್. ನಮ್ಮ ಕಾಕಾ ನಿಗಡಿಯಾಗ ಇದ್ದಾರ, ಅಲ್ಲೇ ಇರತೇನಿ. ಸುಮ್ಮ ಬಂದು ಕೆಲಸಾ ಮಾಡ್ತೇನಿ, ಬರೇ ಸರ್ಟಿಫಿಕೇಟ್ ಕೊಡ್ರಿ ಸಾಕು." ಪಗಾರದ ಇಬ್ಬರ ಪಕ್ಕದಲ್ಲಿ ಪುಕ್ಕಟೆಯ ಒಬ್ಬನನ್ನು ಕೂರಿಸಿದರೆ ಮುಂದಿನ ವರ್ಷ ನನ್ನ ಆ ಸಾಲನ್ನು ಮೇಲಿನವರು ಹೊಡೆದುಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು? ಮುಂದಿನ ವರ್ಷ ಬರುವವರ ಸಲುವಾಗಿ ಈ ವರ್ಷದ ನೀನು ಮನೆಗೆ ಹೋಗು ಎಂದೇ?

ಆಗುವುದಿಲ್ಲಪ್ಪಾ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತ್ರಿ ಸರ್" ಎಂದು ಫೋನಿಟ್ಟ.