ಕಟ್ಟಿಕೊಂಡ ಮೋರಿಯೂ ಅನರ್ಥದಂಡ ವಿರತಿಯೂ



ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದನ್ನೂ ನೀರನ್ನು ಚೆಲ್ಲುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಪರ್ವದಿನದಲ್ಲಿ ಅನ್ನವನ್ನು ತ್ಯಜಿಸುವ ನಾವು ಈ ವ್ರತವನ್ನು ಎಷ್ಟು ಪಾಲಿಸುತ್ತೇವೆಂಬುದು ನೆಲಮಾಳಿಗೆಯ ಮೋರಿ ಕಟ್ಟಿಕೊಂಡ ದಿನ ತಿಳಿಯುತ್ತದೆ.

ನಿಂತ ನೀರಿನಲ್ಲಿ ಕೆಲವೇ ದಿನಗಳಲ್ಲಿ ಸೊಳ್ಳೆಯ ಮರಿಗಳಾಗುತ್ತವೆ. ಅವು ತ್ರಸಜೀವಗಳು, ಆದುದರಿಂದ ವಿಳಂಬ ಸಲ್ಲದು. ಹಾಗೆಂದು ಆತುರದಿಂದ ಆಮ್ಲವನ್ನು ಸುರಿಯುವುದು, ಕಂಡಕಂಡಲ್ಲಿ ನೆಲವನ್ನು ಒಡೆಯುವುದು ವಿವೇಕವಲ್ಲ. ಆಮ್ಲವು ಬ್ಲೀಚಿಂಗ್ ಪುಡಿಯೊಡನೆ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು, ನಿಜ. ಆದರೆ ನೀರು ಹೊರಗೆ ಹೋಗುತ್ತಿದ್ದ ದಾರಿ ಯಾವುದೆಂದು ಅರಿಯದೆ ಮಾಡುವ ಹಿಂಸೆ ಅನರ್ಥವೇ ಸರಿ.

ಆ ದಾರಿಯನ್ನು ಅರಿಯುವುದು ಹೇಗೆ? ಮೊದಲು ಮನೆಯ ಹೊರಗಿನ ಚೇಂಬರಿನ ಮುಚ್ಚಳವನ್ನು ತೆಗೆದು ನೋಡಬೇಕು. ನೆಲಮಾಳಿಗೆಯಲ್ಲಿ ನೀರು ನಿಂತು ಚೇಂಬರು ಬರಿದಾಗಿದ್ದರೆ ಅಡಚಣೆ ಇವೆರಡರ ನಡುವೆ ಇದೆ. ಚೇಂಬರೂ ತುಂಬಿದ್ದರೆ ಅದು ಇನ್ನೂ ಮುಂದಿದೆ. ನೀರು ಅಲ್ಪಸ್ವಲ್ಪ ಇಳಿಯುತ್ತಿದ್ದರೆ, ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ಒಂದು ತಂಬಿಗೆ ಸೋಸಿದ ನೀರಿನಲ್ಲಿ ಕಲಸಿ ಬಿಟ್ಟರೆ ಸಾಕು. ಬಣ್ಣ ಕಾಣಿಸಿಕೊಂಡ ಚೇಂಬರಿಗೇ ಆ ಕೊಳವೆ ಸೇರಿದೆ. ಮಾಳಿಗೆಯು ಬೀದಿಯ ಒಳಚರಂಡಿಗಿಂತ ತಗ್ಗಿನಲ್ಲಿದ್ದರೆ ನೀರು ತಾನಾಗಿ ಹೊರಗೆ ಹರಿಯದು. ನೆಲದಲ್ಲಿನ ಒಂದು ಗುಂಡಿಗೆ ಸೇರಿ ಪಂಪಿನಿಂದ ಮೇಲೇರಬೇಕು. ಆ ಗುಂಡಿಯ ಮುಚ್ಚಳವೋ ಕೊಳವೆಯನ್ನು ಶುಚಿಗೊಳಿಸುವ ಬಿರಡೆಯೋ ಧಾನ್ಯದ ಚೀಲದ ಕೆಳಗೆ, ಕಪಾಟಿನ ಹಿಂದೆ, ಹೊಸದಾಗಿ ಹಾಸಿದ ಕಲ್ಲಿನ ಅಡಿಯಲ್ಲಿ ಅಡಗಿರುವುದುಂಟು. ಮಹಡಿಯ ಬಚ್ಚಲಿನಲ್ಲಿ ಸ್ನಾನ ಮಾಡಿದೊಡನೆ ಕೆಳಗಿನ ಮೋರಿಯಲ್ಲಿ ನೀರು ಉಕ್ಕಿದರೆ ದೋಷವಿರುವುದು ಎಲ್ಲ ನೀರೂ ಸೇರುವ ಮುಖ್ಯ ಕೊಳವೆಯಲ್ಲಿ ಎಂದು ತಿಳಿಯಬೇಕು.

ಇದೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ನಾಲ್ಕು ಕಾಸಿನ ಆಸೆ ತೋರಿಸಿ ಬಡವನೊಬ್ಬನನ್ನು ಗುಂಡಿಗೆ ಇಳಿಸಬೇಡಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತಂಗಿರಬಹುದು. ಅದು ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ನಷ್ಟವಾಗುತ್ತದೆ. ವಾಸನೆಯಿಲ್ಲವೆಂದು ಇಳಿದವನು ಮೇಲೆ ಬಾರದೆ ಹೋಗುತ್ತಾನೆ, ಅವನನ್ನು ಎತ್ತಲು ಇಳಿದವನೂ ಬಾರನು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೂ ಮಲಗುಂಡಿಗೂ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಿದೆಯಿಲ್ಲದಿದ್ದರೂ ಅಹಿಂಸಾಣುವ್ರತಿಗೆ ಇದು ನಿಷಿದ್ಧವೇ. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವವನು ಪಂಚೇಂದ್ರಿಯ ಜೀವವೊಂದನ್ನು ಕತ್ತಲೆಗೆ ತಳ್ಳಬಹುದೇ? ಯಂತ್ರದಿಂದ ಶುಚಿಗೊಳಿಸುವವರನ್ನೇ ಕರೆಸಿರಿ.

ಆದುದರಿಂದ ಶ್ರಾವಕ-ಶ್ರಾವಿಕೆಯರು ಒಂದು ಸಣ್ಣ ನಿಯಮವನ್ನು ಕೈಗೊಳ್ಳಲಿ. ಪ್ರತಿವರ್ಷ ಚಾತುರ್ಮಾಸಕ್ಕೆ ಮುನ್ನ ಮೋರಿಯ ಹೊರದಾರಿಯನ್ನು ನೋಡಿ, ಅದರ ನಕ್ಷೆಯನ್ನು ಬರೆದು ಮನೆಯ ಕಾಗದಪತ್ರಗಳೊಡನೆ ಇರಿಸಲಿ, ಮಕ್ಕಳಿಗೂ ತೋರಿಸಲಿ. ಆಗ ಮಳೆಗಾಲದಲ್ಲಿ ನೀರು ನಿಲ್ಲದು, ಜೀವಗಳು ಹುಟ್ಟಿ ಸಾಯವು. ವ್ರತವು ಬಾಯಿಯಲ್ಲಿ ಮಾತ್ರ ಉಳಿಯದೆ ಮನೆಯ ಮೂಲೆಮೂಲೆಗೂ ಇಳಿಯುತ್ತದೆ.