ಅಧಿಕಾರವಲ್ಲ, ಅಮಾನತ್

ಅಮಾನತ್ತುಗಳನ್ನು ಅವುಗಳಿಗೆ ಅರ್ಹರಾದವರಿಗೆ ಒಪ್ಪಿಸಬೇಕು, ಜನರ ನಡುವೆ ತೀರ್ಮಾನಿಸುವಾಗ ನ್ಯಾಯ ಪಾಲಿಸಬೇಕು ಎಂದು ಪವಿತ್ರ ಕುರ್‌ಆನ್‌ನ ‘ಅನ್ನಿಸಾ’ ಅಧ್ಯಾಯದ 58ನೇ ಸೂಕ್ತದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಅಮಾನತ್ ಎಂದೊಡನೆ ನಮಗೆ ನೆನಪಾಗುವುದು ಹಜ್ಜಿಗೆ ಹೊರಟವರು ನಮ್ಮ ಕೈಯಲ್ಲಿಟ್ಟು ಹೋದ ಹಣ, ಒಡವೆ. ಆದರೆ ಈ ಸೂಕ್ತದ ವಿವರಣೆಯಲ್ಲಿ ವಿದ್ವಾಂಸರು ಕೀಲಿಕೈಯೊಂದರ ಪ್ರಸಂಗವನ್ನು ಉಲ್ಲೇಖಿಸುತ್ತಾರೆ. ಮಕ್ಕಾ ವಿಜಯದ ದಿನ ಕಅಬಾದ ಕೀಲಿಕೈ ಪ್ರವಾದಿ(ಸ)ರ ಕೈಗೆ ಬಂತು. ಅದು ತಮಗೆ ದೊರೆಯಲೆಂದು ಸ್ವತಃ ಪ್ರವಾದಿ(ಸ)ರ ಕುಟುಂಬದವರೇ ಆಶಿಸಿದರು. ಆದರೆ ಪ್ರವಾದಿ(ಸ)ರು ಅದನ್ನು ಮೊದಲಿನಿಂದಲೂ ನೋಡಿಕೊಂಡು ಬಂದಿದ್ದ ಉಸ್ಮಾನ್ ಬಿನ್ ತಲ್‌ಹಾರಿಗೇ ಮರಳಿಸಿದರು. ಕೀಲಿಕೈ ಒಂದು ಹೊಣೆ, ಹೊಣೆ ಒಂದು ಅಮಾನತ್. ಅದನ್ನು ಇಟ್ಟುಕೊಳ್ಳುವುದರಲ್ಲಿ ಮಾತ್ರವಲ್ಲ, ಮುಂದಿನವರಿಗೆ ಒಪ್ಪಿಸುವುದರಲ್ಲಿಯೂ ಪ್ರಾಮಾಣಿಕತೆ ಬೇಕು.

ಕೊಡಗಿನ ಗಡಿಯಲ್ಲಿರುವ ಕರಿಕೆಯಂತಹ ಊರನ್ನು ತೆಗೆದುಕೊಳ್ಳಿ. ಜಿಲ್ಲಾ ಕೇಂದ್ರವಾದ ಮಡಿಕೇರಿ ದೂರ, ಕಾಸರಗೋಡು ಜಿಲ್ಲೆಯ ಪಾಣತ್ತೂರು ಹತ್ತಿರ. ಭಾಗಮಂಡಲದಿಂದ ಬರುವ ಘಾಟಿ ರಸ್ತೆಯಲ್ಲಿ ಮಳೆಗಾಲದಲ್ಲಿ ಬರೆ ಕುಸಿದರೆ ಸಂಚಾರ ಕಟ್ಟಾಗುತ್ತದೆ. ಮಳೆ ಹಿಡಿದುಕೊಂಡರೆ ರಬ್ಬರ್ ಟ್ಯಾಪಿಂಗ್ ನಿಲ್ಲುತ್ತದೆ, ತೋಟದ ಕೂಲಿ ನಿಲ್ಲುತ್ತದೆ. ದಿನಗೂಲಿಯ ಮನೆಯಲ್ಲಿ ಅಕ್ಕಿ ಮುಗಿಯುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಇಂತಹ ಊರುಗಳಲ್ಲಿ ನಾಲ್ಕಾರು ಮಹಲ್ಲಿನವರು, ಕೊಲ್ಲಿಯಲ್ಲಿ ದುಡಿಯುವ ಮಕ್ಕಳು, ಅಂಗಡಿಯವರು ಸೇರಿ ಒಂದು ನಿಧಿ ಮಾಡಿಕೊಂಡರೆ ಅದು ಬಡವರ ಪಾಲಿಗೆ ದೊಡ್ಡ ಆಸರೆ. ಯಾವ ವಿಧವೆಗೆ ಔಷಧಿ ಬೇಕು, ಯಾರ ಮಗಳ ಶಾಲೆ ಅರ್ಧಕ್ಕೆ ನಿಂತಿದೆ, ಯಾರು ಕೈಯೊಡ್ಡದೆ ಹಸಿದುಕೊಂಡಿರುತ್ತಾರೆ ಎಂಬುದೆಲ್ಲ ಅದರ ಹಿರಿಯರಿಗೆ ಗೊತ್ತು.

ಆದರೆ ಅದು ಅವರೊಬ್ಬರಿಗೆ ಮಾತ್ರ ಗೊತ್ತಿದ್ದರೆ? ಅವರು ಹಾಸಿಗೆ ಹಿಡಿದರೆ, ಅಥವಾ ಅಲ್ಲಾಹನ ಕರೆಗೆ ಓಗೊಟ್ಟು ಹೊರಟುಹೋದರೆ, ಮುಂದಿನ ತಿಂಗಳು ಆ ವಿಧವೆಯ ಬಾಗಿಲು ತಟ್ಟುವವರು ಯಾರು? ಪ್ರಿಯ ಸಹೋದರ ಸಹೋದರಿಯರೇ, ನಾಯಕನೊಬ್ಬನ ಸೇವೆಯನ್ನು ನಾವು ಅವನು ಇದ್ದಾಗ ಅಳೆಯುತ್ತೇವೆ. ಆದರೆ ಅದರ ನಿಜವಾದ ಪರೀಕ್ಷೆ ಅವನು ಇಲ್ಲದ ಮೊದಲನೇ ತಿಂಗಳಲ್ಲಿ ನಡೆಯುತ್ತದೆ.

ಬಡವನ ಹಕ್ಕು ನಾಯಕನೊಂದಿಗೆ ಸಾಯುವುದಿಲ್ಲ

ಕ್ರಿ.ಶ. 632ರಲ್ಲಿ ಪ್ರವಾದಿ(ಸ)ರು ಇಹಲೋಕ ತ್ಯಜಿಸಿದಾಗ ಮದೀನಾ ದುಃಖದಲ್ಲಿ ಮುಳುಗಿತು. ಹ. ಉಮರ್(ರ)ರಂತಹ ಗಟ್ಟಿಗರಿಗೇ ಅದನ್ನು ನಂಬಲಾಗಲಿಲ್ಲ. ಆಗ ಹ. ಅಬೂಬಕ್ಕರ್(ರ) ಮುಂದೆ ಬಂದು ‘ಆಲು ಇಮ್ರಾನ್’ ಅಧ್ಯಾಯದ 144ನೇ ಸೂಕ್ತವನ್ನು ಓದಿ ಜನರನ್ನು ಎಚ್ಚರಿಸಿದರು. ಪ್ರವಾದಿಯವರು ಮರಣ ಹೊಂದಿದರೆ ನೀವು ಬಂದ ದಾರಿಯಲ್ಲೇ ಹಿಂದಿರುಗಿಬಿಡುವಿರಾ ಎಂಬುದು ಆ ಸೂಕ್ತವು ವಿಶ್ವಾಸಿಗಳ ಮುಂದಿಡುವ ಪ್ರಶ್ನೆ.

ಆ ಪ್ರಶ್ನೆ ಬರಿಯ ಮಾತಾಗಿ ಉಳಿಯಲಿಲ್ಲ. ಕೆಲವು ಗೋತ್ರಗಳು ಝಕಾತ್ ಕೊಡುವುದಿಲ್ಲ ಎಂದವು. ಝಕಾತನ್ನು ಪ್ರವಾದಿ(ಸ)ರಿಗೆ ಕೊಡುತ್ತಿದ್ದೆವು, ಈಗ ಅವರೇ ಇಲ್ಲವಲ್ಲ ಎಂಬುದು ಅವರಲ್ಲಿ ಕೆಲವರ ವಾದ. ಸಮಯ ಸರಿಯಿಲ್ಲ, ಸ್ವಲ್ಪ ಮೆದುವಾಗಿರೋಣ ಎಂದು ಆಪ್ತರೂ ಸಲಹೆ ನೀಡಿದರು. ಅಬೂಬಕ್ಕರ್(ರ) ಒಪ್ಪಲಿಲ್ಲ. ಪ್ರವಾದಿ(ಸ)ರ ಕಾಲದಲ್ಲಿ ಕೊಡುತ್ತಿದ್ದುದರಲ್ಲಿ ಒಂಟೆ ಕಟ್ಟುವ ಹಗ್ಗದಷ್ಟನ್ನು ತಡೆಹಿಡಿದರೂ ತಾನು ಹೋರಾಡುವೆನೆಂದರು.

ಈ ಕಠಿಣ ನಿಲುವಿನ ಹಿಂದೆ ಎಷ್ಟು ದೊಡ್ಡ ಕರುಣೆ ಇದೆ ನೋಡಿ! ಆ ಹಗ್ಗ ಖಲೀಫರದ್ದಲ್ಲ, ಬಡವನದ್ದು. ‘ಅತ್ತೌಬಾ’ ಅಧ್ಯಾಯದ 60ನೇ ಸೂಕ್ತ ಝಕಾತ್‌ಗೆ ಎಂಟು ವರ್ಗದ ಹಕ್ಕುದಾರರನ್ನು ಹೆಸರಿಸಿದೆ. ಅಲ್ಲಿ ಬಡವರು, ನಿರ್ಗತಿಕರು, ಸಾಲಗಾರರು, ದಾರಿಹೋಕರು ಇದ್ದಾರೆ. ವಸೂಲಿ ಮಾಡುವವರ ಹೆಸರೂ ಇದೆ, ಆದರೆ ಕೆಲಸಗಾರರಾಗಿ, ಒಡೆಯರಾಗಿ ಅಲ್ಲ. ನಾಯಕ ಬದಲಾಗಬಹುದು, ಹಕ್ಕುದಾರರ ಆ ಪಟ್ಟಿ ಬದಲಾಗದು. ‘ಅವರಿದ್ದಾಗ ಕೊಡುತ್ತಿದ್ದೆ, ಹೊಸಬರ ಮೇಲೆ ನನಗೆ ಮನಸ್ಸಿಲ್ಲ’ ಎಂದು ವಂತಿಗೆ ನಿಲ್ಲಿಸುವವರು ಇದನ್ನು ಯೋಚಿಸಬೇಕು. ಹೊಸಬರ ಲೆಕ್ಕದಲ್ಲಿ ದೋಷವಿದ್ದರೆ ಕೇಳುವುದು ನಮ್ಮ ಹಕ್ಕು. ಮುಖ ಇಷ್ಟವಿಲ್ಲವೆಂದು ಕೈ ಹಿಂದೆಗೆದರೆ ಅಧ್ಯಕ್ಷರಿಗೆ ನಷ್ಟವಿಲ್ಲ, ಹಸಿದ ಮನೆಗೆ ನಷ್ಟ.

ಯಾರನ್ನು ಆರಿಸಬೇಕು?

ಹ. ಅಬೂದರ್ರ್(ರ)ರ ಭಕ್ತಿ, ಸತ್ಯನಿಷ್ಠೆಗಳ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಅವರು ಹುದ್ದೆಯೊಂದನ್ನು ಕೇಳಿದಾಗ ಪ್ರವಾದಿ(ಸ)ರು ಪ್ರೀತಿಯಿಂದಲೇ ನಿರಾಕರಿಸಿದರು. ನೀವು ಅದಕ್ಕೆ ಬಲಹೀನರು, ಹುದ್ದೆಯಾದರೋ ಅಮಾನತ್, ಅದರ ಹಕ್ಕನ್ನು ತೀರಿಸದವರಿಗೆ ಪರಲೋಕದಲ್ಲಿ ಅದು ಅಪಮಾನ ಎಂದು ತಿಳಿಹೇಳಿದರು. ಇನ್ನೊಂದೆಡೆ ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಉಗ್ರಾಣಗಳ ಹೊಣೆ ವಹಿಸಿಕೊಳ್ಳುವಾಗ ತಮ್ಮ ಎರಡು ಗುಣಗಳನ್ನು ಮುಂದಿಟ್ಟರು. ಒಂದು ಕಾಪಾಡುವ ಪ್ರಾಮಾಣಿಕತೆ, ಇನ್ನೊಂದು ಆ ಕೆಲಸದ ಅರಿವು. ಬರಗಾಲದಲ್ಲಿ ಜನರನ್ನು ಉಳಿಸುವುದಕ್ಕೆ ಎರಡೂ ಬೇಕಿದ್ದವು. ನಮಾಝಿನ ಮೊದಲ ಸಾಲಿನಲ್ಲಿ ನಿಲ್ಲುವವರೆಲ್ಲರೂ ಲೆಕ್ಕದ ಪುಸ್ತಕ ಬರೆಯಬಲ್ಲರೆಂದಿಲ್ಲ. ಲೆಕ್ಕ ಬಲ್ಲವರೆಲ್ಲರೂ ಬಡವನ ಮಾನ ಕಾಯಬಲ್ಲರೆಂದೂ ಇಲ್ಲ.

ಇನ್ನು ಮಕ್ಕಳ ಮಾತು. ಕ್ರಿ.ಶ. 644ರಲ್ಲಿ ಇರಿತದಿಂದ ಗಾಯಗೊಂಡು ಮಲಗಿದ್ದ ಹ. ಉಮರ್(ರ) ಉತ್ತರಾಧಿಕಾರಿಯ ಆಯ್ಕೆಯನ್ನು ಆರು ಮಂದಿ ಸಹಾಬಿಗಳ ಸಮಾಲೋಚನೆಗೆ ಬಿಟ್ಟರು. ಅವರ ಮಗ ಅಬ್ದುಲ್ಲಾ(ರ) ವಿದ್ವಾಂಸರು, ಧರ್ಮನಿಷ್ಠರು. ಆದರೂ ಮಗ ಸಭೆಯಲ್ಲಿ ಉಪಸ್ಥಿತನಿರಬಹುದು, ಆಯ್ಕೆಯಾಗುವಂತಿಲ್ಲ ಎಂದು ವಿಧಿಸಿದರು. ಅದೇ ಹಾಸಿಗೆಯಲ್ಲಿ ತಮ್ಮ ಸಾಲದ ಲೆಕ್ಕ ಹಾಕಿಸಿದರು. ಅದು ಸುಮಾರು 86,000 ಆಗಿತ್ತು. ಅದನ್ನು ತಮ್ಮ ಕುಟುಂಬದ ಆಸ್ತಿಯಿಂದ ತೀರಿಸಲು ಮಗನಿಗೆ ಹೇಳಿದರು. ಹೀಗೆ ಮಗನಿಗೆ ಸಿಕ್ಕಿದ್ದು ತಂದೆಯ ಪದವಿಯಲ್ಲ, ತಂದೆಯ ಸಾಲ! ಆ ಆರು ಮಂದಿಯಲ್ಲಿ ಒಬ್ಬರಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಾವಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿದು, ಜನರ ಅಭಿಪ್ರಾಯ ಕೇಳಿ, ಹ. ಉಸ್ಮಾನ್(ರ)ರ ಆಯ್ಕೆಯನ್ನು ನಡೆಸಿಕೊಟ್ಟರು. ಹಲವು ಮಹಲ್ಲುಗಳು ಕೂಡಿ ನಡೆಸುವ ನಿಧಿಗಳಲ್ಲಿ ‘ಈ ಸಲ ನಮ್ಮವರೇ ಆಗಬೇಕು’ ಎಂಬ ಹಟ ಎದ್ದಾಗ, ತನಗೆ ಬೇಡವೆಂದು ಹಿಂದೆ ಸರಿದು ಉಳಿದವರನ್ನು ಕೂಡಿಸುವ ಇಂತಹ ಒಬ್ಬರು ಬೇಕಾಗುತ್ತಾರೆ.

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಮಹನೀಯರೊಂದಿಗೆ ಕೂಡಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯವನ್ನೂ ಪರಸ್ಪರ ಸಹಕಾರವನ್ನೂ ಬೆಳೆಸುವುದು ಉದ್ದೇಶವಾಗಿತ್ತು. ಬಡ್ಡಿಯ ವಿಷಯದಲ್ಲಿ ಇಸ್ಲಾಮಿನ ನಿಲುವು ಸ್ಪಷ್ಟವಿದೆ. ಇಲ್ಲಿ ನಾವು ನೋಡಬೇಕಾದದ್ದು ಬೇರೊಂದು ಸಂಗತಿ. 1929ರ ವರೆಗೆ ಅಧ್ಯಕ್ಷರಾಗಿದ್ದ ಅವರು ಆ ಬಳಿಕ ಆ ಸ್ಥಾನದಲ್ಲಿರಲಿಲ್ಲ. 1935ರಲ್ಲಿ ನಿಧನರಾದರು. ಸಂಸ್ಥೆ ಅವರೊಂದಿಗೆ ಮುಗಿಯಲಿಲ್ಲ. ಕಾರ್ಪೊರೇಶನ್ ಬ್ಯಾಂಕ್ ಎಂಬ ಹೆಸರಿನಲ್ಲಿ ಬೆಳೆದು, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸ್ಥಾಪಕರು ಅಧ್ಯಕ್ಷ ಸ್ಥಾನ ಬಿಟ್ಟ ಮೇಲೆ ತೊಂಬತ್ತು ವರ್ಷ! ನಿಯಮ, ಲೆಕ್ಕ, ಆಡಳಿತ ಮಂಡಳಿ ಇದ್ದುದರಿಂದ ಅದು ಸಾಧ್ಯವಾಯಿತು. ಲಾಭಕ್ಕಾಗಿ ನಡೆಯುವ ಸಂಸ್ಥೆಗೆ ಇಷ್ಟು ಶಿಸ್ತು ಇರುವಾಗ, ಅಲ್ಲಾಹನ ಸಂತೃಪ್ತಿಗಾಗಿ ನಡೆಯುವ ಬಡವರ ನಿಧಿ ಒಬ್ಬರ ಜೇಬಿನ ಚೀಟಿಯಲ್ಲಿ ಇರಬಹುದೇ?

ಹಸ್ತಾಂತರದ ಶಿಸ್ತು

ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ಸಹಾಯ ಪಡೆಯುವವರ ಪಟ್ಟಿ ಕನಿಷ್ಠ ಇಬ್ಬರು ವಿಶ್ವಾಸಿಗಳಿಗೆ ತಿಳಿದಿರಲಿ, ಮೂರನೆಯವರ ಕಿವಿಗೆ ಬೀಳದಿರಲಿ. ಬ್ಯಾಂಕ್ ಖಾತೆ ಒಬ್ಬರ ಸಹಿಯಲ್ಲಿ ಇರದಿರಲಿ. ಯಾರಿಗೆ ಕೊಟ್ಟ ಮಾತು ಬಾಕಿಯಿದೆ, ಯಾವ ಮನೆಯ ಗೋಡೆ ಅರ್ಧಕ್ಕೆ ನಿಂತಿದೆ ಎಂದು ಬರೆದಿಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಎಲ್ಲ ಧರ್ಮದವರೂ ನೆರವಿಗೆ ಓಡಿ ಬಂದರು. ಆದರೆ ಅಕ್ಕಿ ಹಂಚುವುದು ಒಂದು ದಿನದ ಕೆಲಸ, ಮನೆ ಕಟ್ಟಿಕೊಡುವುದು ವರ್ಷಗಳ ಕೆಲಸ. ತಳಪಾಯ ಹಾಕಿದವರೇ ಮಾಡು ಹೊದಿಸುವವರೆಗೆ ಇರುತ್ತಾರೆಂದು ಯಾರು ಹೇಳಬಲ್ಲರು?

ಹುದ್ದೆಗೆ ಅವಧಿ ಇರಲಿ. ವರ್ಷಕ್ಕೊಮ್ಮೆ ಮಹಾಸಭೆ ನಡೆದು ಲೆಕ್ಕ ಓದಲ್ಪಡಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯೂ ಇದನ್ನೇ ಕೇಳುತ್ತದೆ. ಕಾಯಿದೆಯ ಭಯಕ್ಕಿಂತ ಮುಂಚೆ ಅಲ್ಲಾಹನ ಭಯದಿಂದ ಅದನ್ನು ಮಾಡೋಣ. ಹಂಚುವ ಕೆಲಸಕ್ಕೆ ಹೋಗುವಾಗ ಒಬ್ಬ ಯುವಕನನ್ನು ಜೊತೆಗೆ ಕರೆದುಕೊಂಡು ಹೋಗಿ. ಬಡವನ ಬಾಗಿಲಲ್ಲಿ ಹೇಗೆ ಸಲಾಂ ಹೇಳಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಯಾವ ಪುಸ್ತಕವೂ ಕಲಿಸದು. ಮಹಿಳೆಯರ ಕಷ್ಟ ವಿಚಾರಿಸಲು ಸಹೋದರಿಯರನ್ನೂ ಹೊಣೆಗಾರರನ್ನಾಗಿ ಮಾಡಿ.

ಹೊರಹೋಗುವವರಿಗೂ ಒಂದು ಮಾತು. ಹ. ಖಾಲಿದ್(ರ)ರನ್ನು ಸೇನಾಪತಿ ಸ್ಥಾನದಿಂದ ತೆಗೆದಾಗ ಅವರು ಹ. ಅಬೂಉಬೈದಾ(ರ)ರ ಅಧೀನದಲ್ಲಿ ಹೋರಾಟ ಮುಂದುವರಿಸಿದರು. ಸ್ಥಾನ ಹೋದರೆ ಪ್ರತಿಫಲ ಹೋಗುವುದಿಲ್ಲ. ಕೇಳಿದಾಗ ಸಲಹೆ ಕೊಡಿ, ಕೇಳದಿದ್ದಾಗ ದುಆ ಮಾಡಿ. ಒಳಬರುವವರೇ, ಹಿಂದಿನವರ ತಪ್ಪನ್ನು ಚೌಕದಲ್ಲಿ ನಿಂತು ಎಣಿಸಬೇಡಿ. ತಪ್ಪಿದ್ದರೆ ಸಭೆಯಲ್ಲಿ ಲೆಕ್ಕದ ಮೂಲಕ ಸರಿಪಡಿಸಿ. ಅವರು ಕೈಹಿಡಿದಿದ್ದ ಬಡವರನ್ನು ಮಾತ್ರ ಕೈಬಿಡಬೇಡಿ.

ನಿಧಿಯ ಕೀಲಿಕೈ ಹಿಡಿದ ಪ್ರತಿಯೊಬ್ಬರೂ ಇಂದು ರಾತ್ರಿ ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಾಳೆ ಬೆಳಿಗ್ಗೆ ನಾನು ಏಳದಿದ್ದರೆ, ಈ ತಿಂಗಳ ಅಕ್ಕಿ ಆ ಮನೆಗೆ ತಲುಪುತ್ತದೆಯೇ? ಉತ್ತರ ‘ಇಲ್ಲ’ ಎಂದಾದರೆ ನಾಳೆಯೇ ಇನ್ನೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಪುಸ್ತಕ ತೆರೆಯಲಿ. ಅಮಾನತ್ತನ್ನು ಕಾಪಾಡುವ, ಸಮಯ ಬಂದಾಗ ಸಂತೋಷದಿಂದ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.